ನೆಲದಿಂದ ಏಳುವುದು

ಹೋದ ವರ್ಷದ ಹಿಂದಿನ ಭೂಮಿ ಹುಣ್ಣಿಮೆಗೆ ಅಮ್ಮನನ್ನು ಶಿವಮೊಗ್ಗದಿಂದ ಊರಿಗೆ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ದಾಟಿ ಸ್ವಲ್ಪ ದೂರ, ಆಮೇಲೆ ಮಣ್ಣು ರಸ್ತೆ, ಅದು ಮುಗಿಯುವಲ್ಲಿ ನಮ್ಮ ತೋಟ. ಒಂದು ಅಡಿಕೆ ಮರಕ್ಕೆ ರವಿಕೆ ಕಣ, ಬಳೆ, ಹೂವು ಕಟ್ಟಿ ಪೂಜೆ ಮಾಡಿದರು. ಕಾಗೆಗೆ ಎಡೆ ಇಟ್ಟರು, ಒಂದು ಎಡೆಯನ್ನು ಮರದ ಬುಡದ ಮಣ್ಣಿನಲ್ಲಿ ಮುಚ್ಚಿದರು. ಆಮೇಲೆ ಎಲ್ಲರೂ ತೋಟದಲ್ಲೇ ಬಾಳೆಲೆ ಹಾಕಿಕೊಂಡು ನೆಲಕ್ಕೆ ಕೂತೆವು. ಕಡುಬು, ಬುತ್ತಿ, ಹೋಳಿಗೆ. ಅಮ್ಮ ಆ ದಿನ ಚೆನ್ನಾಗಿ ಉಂಡಳು.

ಊಟ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದರು. ಅಮ್ಮ ಏಳಲಿಲ್ಲ. ಬಲಗೈಯನ್ನು ನೆಲಕ್ಕೆ ಊರಿದಳು. ಹಿಂದೊಮ್ಮೆ ಮುರಿದಿದ್ದ ಮಣಿಕಟ್ಟು ನೋಯಿತೇನೋ, ತಕ್ಷಣ ತೆಗೆದಳು. ಎಡಗೈಯಲ್ಲಿ ಪಕ್ಕದ ಬೋಗುಣಿಯ ಅಂಚು ಹಿಡಿದಳು, ಬೋಗುಣಿ ವಾಲಿತು. ಕಾಲು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ನಾನು ನೋಡುತ್ತಿರುವುದು ಕಂಡು, ‘ಸ್ವಲ್ಪ ಹೊತ್ತು ಕೂತಿರ್ತೀನಿ, ಇಲ್ಲಿ ತಂಪಾಗಿದೆ’ ಅಂದಳು. ಅವಳಿಗೆ ಏಳಲಾಗುತ್ತಿಲ್ಲ ಅನ್ನುವುದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಕೊನೆಗೆ ಚಿಕ್ಕಪ್ಪನ ಮಗನ ಇಬ್ಬರು ಹುಡುಗರು ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಅಮ್ಮ ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡಳು, ಯಾರ ಮುಖವನ್ನೂ ನೋಡಲಿಲ್ಲ. ಯಾರೋ ‘ವಯಸ್ಸಾಯ್ತಲ್ಲ ಮಾರಾಯ್ರೆ’ ಅಂದರು. ಎಲ್ಲರೂ ಹೌದೆಂದರು. ನಾನೂ ಅಂದೆ.

ವಾಪಸು ಬರುವಾಗ ಮಂಡಗದ್ದೆ ದಾಟುವ ತನಕ ಅವಳು ಮಾತಾಡಲಿಲ್ಲ. ಸಕ್ರೆಬೈಲಿನ ಹತ್ತಿರ ಬಂದಾಗ, ಕಿಟಕಿಯಾಚೆಯ ತುಂಗೆಯ ನೀರು ನೋಡುತ್ತ, ‘ಮುಂದಿನ ವರ್ಷ ನಾನು ಮನೇಲೇ ಇರ್ತೀನಿ. ನೀವು ಹೋಗಿ ಬನ್ನಿ’ ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಅಮ್ಮನಿಗೆ ಆಗ ಎಪ್ಪತ್ತೇಳು. ಹದಿನೈದು ತಿಂಗಳ ಹಿಂದಿನ ತನಕ ಅವಳು ಊರಿನ ಮನೆಯಲ್ಲೇ ಇದ್ದಳು. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮೇಲೆ ಕೂತರೆ ರಾತ್ರಿ ಹತ್ತರ ತನಕ ಏಳುತ್ತಿರಲಿಲ್ಲ. ಎದ್ದರೆ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ತಡಬೆ ದಾಟಿ ತೋಟಕ್ಕೆ ಇಳಿಯುತ್ತಿದ್ದಳು, ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಂಡೆಗೆ ಉರಿ ಹಾಕುತ್ತಿದ್ದಳು. ಒಂದು ಆಷಾಢದ ಬೆಳಗ್ಗೆ ಅಂಗಳದ ಪಾಚಿಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಪ್ಪಯ್ಯ ಹೋಗಿ ಮೂರು ವರ್ಷವಾಗಿತ್ತು, ಅಣ್ಣ ಬೆಂಗಳೂರಿನಲ್ಲಿದ್ದ. ಇನ್ನು ಒಬ್ಬಳೇ ಇರುವುದು ಬೇಡವೆಂದು ನಾನು ವಿನೋಬನಗರದ ನಮ್ಮ ಮನೆಗೆ ಕರೆತಂದೆ. ಎಪ್ಪತ್ತಾರು ವರ್ಷದಲ್ಲಿ ಬಾರದ ಮುಪ್ಪು ಹದಿನೈದು ತಿಂಗಳಲ್ಲಿ ಬಂತು ಅಂದರೆ ನಂಬುವುದು ಹೇಗೆ?

ಆ ಹದಿನೈದು ತಿಂಗಳು ನಾನು ಮಾಡಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಊಟಕ್ಕೆ ಟೇಬಲ್ಲು. ಕಮೋಡ್ ಮೊದಲೇ ಇತ್ತು, ಅದರ ಪಕ್ಕ ಹಿಡಿಕೆ ಹಾಕಿಸಿದೆ. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು. ತರಕಾರಿ ಹೆಚ್ಚಲು ಈಳಿಗೆ ಮಣೆ ಎಳೆದುಕೊಂಡರೆ ಕಿತ್ತುಕೊಂಡು ಚಾಕು ಕೊಟ್ಟೆ, ಆಮೇಲೆ ಅದೂ ಬೇಡ ಅಂದೆ. ದೇವರಿಗೆ ಹೂ ಕೊಯ್ಯಲು ಹಿತ್ತಲಿಗೆ ಹೋದರೆ ಹಿಂದೆಯೇ ಓಡಿದೆ. ‘ನೀನು ಕೂತಿರಮ್ಮ, ಆರಾಮಾಗಿರು, ಇಷ್ಟು ದಿನ ಮಾಡಿದ್ದು ಸಾಕು.’ ಇಷ್ಟನ್ನೂ ಪ್ರೀತಿಯಿಂದಲೇ ಮಾಡಿದೆ. ಅವಳು ನೆಲಕ್ಕೆ ಕೂತು ಏಳುವ ಒಂದೊಂದು ಕಾರಣವನ್ನೂ ನಾನೇ ತೆಗೆದುಹಾಕಿದ್ದೆ.

ಆಮೇಲೆ ಓದಲು ಶುರು ಮಾಡಿದೆ. ನಾನು ವೈದ್ಯೆ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಓದಿದ್ದು ಅರ್ಥವಾಗಲು ಅಷ್ಟು ಸಾಕಾಯಿತು. ಮೊದಲು ಸಿಕ್ಕಿದ್ದು ಬ್ರೆಜಿಲ್‌ನ ವೈದ್ಯ ಕ್ಲೌಡಿಯೋ ಗಿಲ್ ಅರೌಜೊ ಮತ್ತು ಅವರ ತಂಡದ ಕೆಲಸ. 51ರಿಂದ 80 ವರ್ಷದ 2,002 ಜನರಿಗೆ ಅವರು ಹೇಳಿದ್ದು ಇಷ್ಟೇ: ನೆಲದ ಮೇಲೆ ಕೂತು ಏಳಿ. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈ ಊರಿದರೆ ಒಂದು ಕಳೆಯುತ್ತಾರೆ, ಮಂಡಿ ಊರಿದರೆ ಇನ್ನೊಂದು, ತೂರಾಡಿದರೆ ಅರ್ಧ. ಮುಂದಿನ ಆರೇಳು ವರ್ಷದಲ್ಲಿ ಯಾರು ಉಳಿದರು, ಯಾರು ತೀರಿಕೊಂಡರು ಎಂದು ಲೆಕ್ಕ ಇಟ್ಟರು. 2012ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ 8 ಅಂಕ ದಾಟಿದವರಿಗಿಂತ 3ರ ಒಳಗೆ ಇದ್ದವರಿಗೆ ಸಾವಿನ ಸಂಭವ ಐದು ಪಟ್ಟಿಗೂ ಹೆಚ್ಚಿತ್ತು.

ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾದ ಮೇಲೆ ಸಮಾಧಾನವಾಗಿ ಯೋಚಿಸಿದೆ. ನೆಲದಿಂದ ಏಳಲಾರದ್ದೇ ಸಾವಿಗೆ ಕಾರಣ ಎಂದು ಆ ಅಧ್ಯಯನ ಹೇಳುವುದಿಲ್ಲ. ಮೊದಲೇ ಕಾಯಿಲೆ ಇದ್ದವರಿಗೆ ಅಂಕ ಕಡಿಮೆ ಬಂದಿರಬಹುದು. ಅಲ್ಲದೆ ದಿನಾ ಮಣೆ ಮೇಲೆ ಕೂತು ಉಂಡ ನಮ್ಮ ಜನಕ್ಕೂ ಬ್ರೆಜಿಲ್‌ನ ಪಟ್ಟಣಿಗರಿಗೂ ಒಂದೇ ಅಳತೆ ಹಿಡಿಯುವುದು ಸರಿಯಲ್ಲ. ಆದರೂ ನೆಲದಿಂದ ಏಳುವ ಒಂದು ಕ್ರಿಯೆಯಲ್ಲಿ ತೊಡೆಯ ಬಲ, ಸೊಂಟದ ಮಡಿಕೆ, ದೇಹದ ಸಮತೋಲ, ಮೈತೂಕ ಎಲ್ಲವೂ ಒಟ್ಟಿಗೆ ಪರೀಕ್ಷೆಯಾಗುತ್ತವೆ ಅನ್ನುವುದು ನಿಜ. ನಮ್ಮ ಹಳೆಯ ಮನೆಗಳಲ್ಲಿ ಆ ಪರೀಕ್ಷೆ ದಿನಕ್ಕೆ ಹತ್ತಾರು ಸಲ, ಯಾರೂ ಹೇಳದೆ ನಡೆಯುತ್ತಿತ್ತು.

ಇನ್ನೊಂದು ಅಧ್ಯಯನ ಓದಿ ನನಗೆ ಮೈ ಬೆವರಿತು. 2007ರಲ್ಲಿ ಅಮೆರಿಕದ ಸಂಶೋಧಕರು ಅರವತ್ತು ದಾಟಿದ, ಆರೋಗ್ಯವಾಗಿದ್ದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದರು. ಜ್ವರ ಇಲ್ಲ, ಗಾಯ ಇಲ್ಲ, ಸುಮ್ಮನೆ ಮಲಗಿದ್ದು. ಹತ್ತು ದಿನದಲ್ಲಿ ಕಾಲುಗಳ ಮಾಂಸಖಂಡ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ಕೈ ಮುರಿದುಕೊಂಡ ಅಮ್ಮನನ್ನು ನಾನು ಎಷ್ಟು ದಿನ ಮಂಚದ ಮೇಲೇ ಇರಿಸಿದ್ದೆ! ಮುರಿದದ್ದು ಕೈ. ಕಾಲಿಗೆ ಏನೂ ಆಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಳೆದುಹೋದ ಬಲ ಆ ವಯಸ್ಸಿನಲ್ಲಿ ವಾಪಸು ಬರುತ್ತದೆಯೇ ಅನ್ನುವುದೇ ನನ್ನ ಪ್ರಶ್ನೆ. ಇದಕ್ಕೆ ಉತ್ತರ ಮೂವತ್ತೈದು ವರ್ಷದ ಹಿಂದೆಯೇ ಸಿಕ್ಕಿತ್ತು, ನಮಗೆ ತಲುಪಿರಲಿಲ್ಲ ಅಷ್ಟೆ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಹತ್ತು ಮಂದಿಯನ್ನು ಆರಿಸಿಕೊಂಡರು. ಎಲ್ಲರೂ 86ರಿಂದ 96ರ ಒಳಗಿನವರು, ಬಹಳ ನಿತ್ರಾಣಿಗಳು. ಅವರಿಗೆ ಎಂಟು ವಾರ ತೊಡೆಯ ವ್ಯಾಯಾಮ ಮಾಡಿಸಿದರು. ಸುಮ್ಮನೆ ಕಾಲಾಡಿಸುವ ವ್ಯಾಯಾಮವಲ್ಲ, ಅವರಿಂದ ಎತ್ತಲು ಸಾಧ್ಯವಾದ ಗರಿಷ್ಠ ಭಾರದ ನೂರಕ್ಕೆ ಎಂಬತ್ತರ ತನಕ ಹೇರಿ. ಮುಗಿಸಿದ ಒಂಬತ್ತು ಮಂದಿಯ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಆಮೇಲೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಆ ಬಲದ ಮೂರನೇ ಒಂದು ಪಾಲು ಮತ್ತೆ ಹೋಯಿತು. ಈ ಕೊನೆಯ ಸಾಲನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ದಿನಾ ಬೆಳಗ್ಗೆ ಫ್ರೀಡಂ ಪಾರ್ಕಿನಲ್ಲಿ ಎರಡು ಸುತ್ತು ಹಾಕಿಸಿದರೆ ಸಾಕೆಂದು ನಾನು ಅಂದುಕೊಂಡಿದ್ದೆ. ನಡೆಯುವುದು ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ವಯಸ್ಸಾದಂತೆ ಮೊದಲು ಸೊರಗುವುದು ಮಾಂಸಖಂಡದ ವೇಗದ ಎಳೆಗಳು. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಮೈ ತಡೆಯಲು ಬೇಕಾದವು ಅವೇ. ಮೆಲ್ಲಗೆ ನಡೆದರೆ ಅವುಗಳಿಗೆ ಕೆಲಸವೇ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ ಹೇಳಿ, ಅದರ ಜೊತೆಗೆ ವಾರದಲ್ಲಿ ಮೂರು ದಿನ ಸಮತೋಲ ಮತ್ತು ಬಲದ ವ್ಯಾಯಾಮ ಬೇಕು ಎನ್ನುತ್ತದೆ. ಮೊದಲರ್ಧ ನಮಗೆಲ್ಲ ಬಾಯಿಪಾಠ. ಎರಡನೆಯದನ್ನು ಅಮ್ಮನಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ.

ಮನೆಗೇ ಬರುವ ಒಬ್ಬ ಫಿಸಿಯೋಥೆರಪಿ ಹುಡುಗಿ ಸಿಕ್ಕಿದಳು. ಬಿಪಿ ನೋಡಿ, ಮಂಡಿ ಮುಟ್ಟಿ ನೋಡಿ, ಡಾಕ್ಟರ ಒಪ್ಪಿಗೆ ಪಡೆದು ಶುರು ಮಾಡಿದಳು. ಊಟದ ಕುರ್ಚಿಯ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ ಇಟ್ಟು ಅಮ್ಮನನ್ನು ಕೂರಿಸಿದಳು. ಕೈ ಎರಡನ್ನೂ ಎದೆಗೆ ಕಟ್ಟಿಕೊಂಡು ಏಳಬೇಕು. ಮೊದಲ ದಿನ ಐದು ಸಲಕ್ಕೆ ಅಮ್ಮನ ತೊಡೆ ನಡುಗಿತು. ಎರಡು ವಾರಕ್ಕೊಮ್ಮೆ ಕಂಬಳಿಯ ಒಂದೊಂದು ಮಡಿಕೆ ಬಿಚ್ಚಿದರು. ಆಮೇಲೆ ಬರೀ ಕುರ್ಚಿ, ಆಮೇಲೆ ಸ್ನಾನದ ಸ್ಟೂಲು. ಕಾಲಿಗೆ ಅರ್ಧ ಕಿಲೋ ಮರಳಿನ ಚೀಲ ಕಟ್ಟಿ ಎತ್ತುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರ ದಶಕದಲ್ಲಿ ಹಿರಿಯರ ಮನೆಮನೆಗೆ ಹೋಗಿ ಹೇಳಿಕೊಟ್ಟದ್ದು ಇಂಥದೇ ವ್ಯಾಯಾಮ. ಅಲ್ಲಿ ಬೀಳುವ ಪ್ರಮಾಣ ಮೂರನೇ ಒಂದರಷ್ಟು ಇಳಿದಿತ್ತು.

ಹಾಲ್‌ನ ನೆಲದ ಟೈಲ್ಸ್ ಗೆರೆಯ ಮೇಲೆ ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯುವ ಅಭ್ಯಾಸವೂ ಇತ್ತು. ಆ ಹುಡುಗಿ ನಡೆದು ತೋರಿಸಿದಾಗ ಅಮ್ಮ ತಟ್ಟನೆ ‘ಇದು ಸಂಕ ದಾಟೋ ಹಂಗೆ ಅಲ್ವನೇ’ ಅಂದಳು. ಹಾಗೆ ಅಂದವಳೇ ಗೋಡೆಗೆ ಹಿಡಿದಿದ್ದ ಕೈ ಬಿಟ್ಟಳು. ಕಾಲು ನೋಡಲಿಲ್ಲ, ಎದುರಿನ ಕಿಟಕಿಯನ್ನೇ ನೋಡುತ್ತ ಆರು ಹೆಜ್ಜೆ ಇಟ್ಟಳು. ‘ಕೆಳಗೆ ನೋಡಿದ್ರೆ ನೀರು ಎಳೀತದೆ. ಆಚೆ ದಡ ನೋಡ್ಬೇಕು.’ ಮದುವೆಯಾಗಿ ಬಂದ ಹೊಸತರಲ್ಲಿ ಹಳ್ಳದ ಕಾಲುಸಂಕ ದಾಟಲು ಅತ್ತೆ ಕಲಿಸಿಕೊಟ್ಟ ಉಪಾಯ ಅದು. ಹುಡುಗಿ ತನ್ನ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡಳು.

ಊಟದ ವಿಷಯದಲ್ಲಿ ನನಗೆ ಹೆಚ್ಚು ಕಷ್ಟವಾಯಿತು. ಅಪ್ಪಯ್ಯ ಹೋದ ಮೇಲೆ ಅಮ್ಮ ರಾತ್ರಿ ಅನ್ನ ಬಿಟ್ಟಿದ್ದಳು. ಒಂದು ಲೋಟ ಗಂಜಿ, ಇಲ್ಲವೇ ಅವಲಕ್ಕಿ. ವಯಸ್ಸಾದವರಿಗೆ ಹಗುರ ಊಟ ಸಾಕು ಅನ್ನುವುದು ನಮ್ಮ ಕಡೆ ಎಲ್ಲರ ಮಾತು. ವಿಜ್ಞಾನ ಹೇಳುವುದು ಬೇರೆ. ವಯಸ್ಸಾದ ಮಾಂಸಖಂಡ ಪ್ರೋಟೀನಿಗೆ ಮೊದಲಿನಷ್ಟು ಬೇಗ ಸ್ಪಂದಿಸುವುದಿಲ್ಲ, ಹಾಗಾಗಿ ಹಿರಿಯರಿಗೆ ಹೆಚ್ಚೇ ಬೇಕು. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂದು 2013ರಲ್ಲಿ ತಜ್ಞರ ಗುಂಪೊಂದು ಹೇಳಿತು. ಅಮ್ಮನ ತೂಕ 46 ಕಿಲೋ. ಅವಳ ಒಂದು ದಿನದ ಊಟವನ್ನು ಕೂಡಿಸಿ ನೋಡಿದೆ: ಎರಡು ದೋಸೆ, ಅನ್ನ ತಿಳಿಸಾರು, ನೀರು ಮಜ್ಜಿಗೆ, ಗಂಜಿ. ಮೂವತ್ತು ಗ್ರಾಂ ದಾಟಲಿಲ್ಲ. ಒಪ್ಪತ್ತಿನ ನೇಮ ಮುರಿ ಎಂದು ಹೇಳುವ ಅಧಿಕಾರ ನನಗಿಲ್ಲ. ಅನ್ನ ಬೇಡವಾದರೆ ಬೇಡ, ಬೇಯಿಸಿದ ಹೆಸರುಕಾಳು, ಒಂದು ಬಟ್ಟಲು ಗಟ್ಟಿ ಮೊಸರು ತಿನ್ನು ಅಂದೆ. ಮಧ್ಯಾಹ್ನದ ತಿಳಿಸಾರಿನ ಜಾಗಕ್ಕೆ ಹುರುಳಿ ಕಟ್ಟಿನ ಸಾರು ಬಂತು, ಕಾಳು ಪಲ್ಯ ಬಂತು. ಹಲ್ಲಿನ ಡಾಕ್ಟರ ಹತ್ತಿರವೂ ಹೋಗಿಬಂದೆವು, ಅಗಿಯಲಾಗದವರಿಗೆ ಕಾಳು ಬಡಿಸಿ ಏನು ಪ್ರಯೋಜನ.

ಹಲ್ಲಿನ ಮಾತು ಬಂದಾಗ ಕವಳದ ಮಾತೂ ಬಂತು. ಅಡಿಕೆ ಬೆಳೆದೇ ಬದುಕಿದವರು ನಾವು, ನನ್ನ ಓದು, ಮದುವೆ ಎಲ್ಲವೂ ಅಡಿಕೆಯ ದುಡ್ಡಿನಲ್ಲೇ ಆಗಿದ್ದು. ಆದರೆ ತಂಬಾಕು ಇಲ್ಲದ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಅಮ್ಮ ದಿನಕ್ಕೆ ಆರೇಳು ಕವಳ ಹಾಕುತ್ತಿದ್ದವಳು ಈಗ ಹಬ್ಬಕ್ಕೆ ಮಾತ್ರ ಅನ್ನುತ್ತಾಳೆ. ಅದಕ್ಕಿಂತ ಹೆಚ್ಚು ನಾನು ಒತ್ತಾಯಿಸಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಹಳೆಯ ಮಲೆನಾಡಿನ ದುಡಿಮೆಯೇ ಆರೋಗ್ಯವಾಗಿತ್ತು, ಈಗಿನವರು ಕೆಟ್ಟರು ಎಂದು ಹೇಳುವುದು ಸುಲಭ. ನಮ್ಮ ತೋಟಕ್ಕೆ ನಲವತ್ತು ವರ್ಷ ಕೆಲಸಕ್ಕೆ ಬಂದ ಅಕ್ಕ ಒಬ್ಬರಿದ್ದಾರೆ, ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವರು. ಬೆಟ್ಟದಿಂದ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ತಂದವರು, ನಾಟಿಗೆ ಇಡೀ ದಿನ ಬಗ್ಗಿದವರು, ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿದವರು. ಈಗ ಅವರ ಎರಡೂ ಮಂಡಿ ಸವೆದು ಕಾಲು ಬಿಲ್ಲಿನಂತೆ ಬಾಗಿದೆ. ಡೆನ್ಮಾರ್ಕಿನ ಸಂಶೋಧಕರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ: ಬಿಡುವಿನಲ್ಲಿ ಮೈ ದಣಿಸುವವರಿಗೆ ಸಿಗುವ ಲಾಭ, ಹೊಟ್ಟೆಪಾಡಿಗೆ ದಿನವಿಡೀ ಭಾರ ಹೊರುವವರಿಗೆ ಸಿಗುವುದಿಲ್ಲ, ಅವರಿಗೆ ಕೆಡುಕೇ ಹೆಚ್ಚು. ಭಾರ ಏರಿಸುವುದು ಇಳಿಸುವುದು, ನಡುವೆ ವಿಶ್ರಾಂತಿ, ಹೊಟ್ಟೆ ತುಂಬ ಊಟ, ಇದೆಲ್ಲ ತನ್ನ ಕೈಯಲ್ಲಿರುವವರಿಗೆ ವ್ಯಾಯಾಮ. ಆ ಅಕ್ಕನಿಗೆ ಅದು ಯಾವತ್ತೂ ಅವರ ಕೈಯಲ್ಲಿರಲಿಲ್ಲ. ಅಮ್ಮನಿಗೆ ಮನೆಗೇ ಬರುವ ಫಿಸಿಯೋಥೆರಪಿಸ್ಟ್ ಸಿಕ್ಕಿದ್ದು, ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಾತ್ರ ಸಿಕ್ಕಿದ್ದು ನನ್ನನ್ನು ಚುಚ್ಚುತ್ತದೆ. ಮರಳಿನ ಚೀಲ ಎರಡು ಅವರಿಗೂ ಹೊಲಿದು ಕೊಟ್ಟಿದ್ದೇನೆ, ಸವೆದ ಮಂಡಿಗೆ ಸುತ್ತಲಿನ ತೊಡೆ ಗಟ್ಟಿಯಾದರೆ ನೋವು ಕಡಿಮೆಯಾಗುತ್ತದೆ ಎಂದು ಆ ಹುಡುಗಿ ಹೇಳಿದ್ದಕ್ಕೆ. ಅದು ಸಾಲದು ಎಂದು ಗೊತ್ತು.

ನಮ್ಮ ದೇಶದ್ದೇ ಲೆಕ್ಕವೂ ಇದೆ. 2017-18ರಲ್ಲಿ 45 ದಾಟಿದ ಸುಮಾರು 72,000 ಜನರನ್ನು ಮಾತಾಡಿಸಿದ ಲಾಸಿ (ಭಾರತದಲ್ಲಿ ಮುಪ್ಪಿನ ದೀರ್ಘಕಾಲದ ಅಧ್ಯಯನ) ಸಮೀಕ್ಷೆಯಲ್ಲಿ, 60 ದಾಟಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸ್ನಾನ, ಬಟ್ಟೆ ಉಡುವುದು, ಹಾಸಿಗೆಯಿಂದ ಏಳುವುದು ಇಂಥ ನಿತ್ಯದ ಒಂದಾದರೂ ಕೆಲಸ ಕಷ್ಟವಾಗಿತ್ತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷದಿಂದ ವರ್ಷಕ್ಕೆ ಗಮನಿಸುತ್ತಿದೆ. ಬಾಸ್ಟನ್, ಬ್ರೆಜಿಲ್ ಅಂತ ಓದಿ ಓದಿ ಸಾಕಾಗಿದ್ದ ನನಗೆ ನಮ್ಮದೇ ರಾಜ್ಯದ ಹಳ್ಳಿಯ ಹೆಸರು ಕಂಡು ಸಂತೋಷವಾಯಿತು.

ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಹೇಳಿದ ಮಾತು. ಆರೋಗ್ಯಕರ ಮುಪ್ಪು ಎಂದರೆ ಕಾಯಿಲೆ ಇಲ್ಲದಿರುವುದು ಎಂದು ಅದು ಹೇಳುವುದಿಲ್ಲ. ತನಗೆ ಬೆಲೆಯುಳ್ಳದ್ದು ಯಾವುದೋ ಅದನ್ನು ಮಾಡುವ ಶಕ್ತಿ ಉಳಿದಿರುವುದು. ಆ ಶಕ್ತಿಯಲ್ಲಿ ಅರ್ಧ ಮೈಮನಸ್ಸಿನದು, ಇನ್ನರ್ಧ ಸುತ್ತಲಿನ ಜಾಗದ್ದು, ಜನರದ್ದು. ಅಮ್ಮನಿಗೆ ಬಿಪಿ ಇದೆ, ಸಕ್ಕರೆ ಇದೆ, ಎರಡಕ್ಕೂ ಮಾತ್ರೆ ಇದೆ. ಅವಳಿಗೆ ಬೆಲೆಯುಳ್ಳದ್ದು ಏನು ಎಂದು ನಾನು ಹದಿನೈದು ತಿಂಗಳು ಕೇಳಿಯೇ ಇರಲಿಲ್ಲ. ಕೇಳಿದಾಗ ತಡಮಾಡದೆ ಹೇಳಿದಳು, ‘ನಮ್ಮನೇಲಿ ಇರ್ಬೇಕು.’

ಹೋದ ವರ್ಷದ ಭೂಮಿ ಹುಣ್ಣಿಮೆಗೆ ಅವಳು ಬಂದಳು. ಮಣೆ ಹಾಕಿ ಕೂತಳು. ಊಟವಾದ ಮೇಲೆ ಒಂದು ಪಕ್ಕಕ್ಕೆ ಹೊರಳಿ, ಒಂದು ಮಂಡಿ ಊರಿ, ಕಣ ಕಟ್ಟಿದ್ದ ಅಡಿಕೆ ಮರವನ್ನು ಹಿಡಿದು ಎದ್ದಳು. ಅರೌಜೊ ಅವರ ಲೆಕ್ಕದಲ್ಲಿ ಎರಡು ಅಂಕ ಹೋಯಿತು.

ಈಗ ಹೇಳಬೇಕಾದ್ದು ಈ ವರ್ಷದ್ದು. ಮಳೆಗಾಲ ಹಿಡಿಯುವ ಮೊದಲೇ ಊರಿಗೆ ಹೋಗುತ್ತೇನೆ ಎಂದು ಅಮ್ಮ ಹಟ ಹಿಡಿದಳು. ದೀಪಾವಳಿ ಕಳೆದ ಮೇಲೆ ಹೋಗು ಎಂದು ನಾನು. ಅವಳು ಬಿದ್ದಿದ್ದು ಆಷಾಢದಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಆರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಬಿದ್ದೇ ಸಾಯುತ್ತಾರೆ, ಅದರಲ್ಲೂ ಅರವತ್ತು ದಾಟಿದವರೇ ಜಾಸ್ತಿ. ಆ ಅಂಕಿಯನ್ನು ಅವಳಿಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, ‘ಮಳೆಗಾಲದಲ್ಲಿ ಕೊಟ್ಟಿಗೆ ಬಿಸಿ, ಬಚ್ಚಲ ಒಲೆ, ಕಂಬಳಿ. ನಂಗೆ ಅದೇ ಬೇಕಾದ್ದು ಮಾರಾಯ್ತಿ’ ಅಂದಳು. ಅದಕ್ಕೆ ನನ್ನಲ್ಲಿ ಅಂಕಿ ಇರಲಿಲ್ಲ.

ಹಾಗಾಗಿ ಮೇ ತಿಂಗಳ ಕೊನೆಯ ಭಾನುವಾರ ಊರಲ್ಲಿದ್ದೆವು. ಜಗಲಿಯ ಮೂರು ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿದ್ದಾಯಿತು. ಬಚ್ಚಲಿಗೆ ಹೋಗುವ ದಾರಿಗೆ ದೊಡ್ಡ ಬಲ್ಬು ಬಂತು. ಚಿಕ್ಕಪ್ಪನ ಮಗ ಕೆಳಮನೆಯಲ್ಲೇ ಇದ್ದಾನೆ, ಕೂಗಿದರೆ ಕೇಳುತ್ತದೆ. ಅವನು ಬಿದ್ದ ಅಡಿಕೆ ಮರ ಸೀಳಿ ದಬ್ಬೆ ಮಾಡಿಟ್ಟಿದ್ದ. ಇಬ್ಬರೂ ಸೇರಿ ಅಂಗಳದ ಪಾಚಿ ಉಜ್ಜಿ, ಮೆಟ್ಟಿಲಿಂದ ಬಚ್ಚಲ ತನಕ, ಅಲ್ಲಿಂದ ಕೊಟ್ಟಿಗೆ ತನಕ ದಬ್ಬೆ ಹಾಸಿದೆವು. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಮುಗಿಯಿತು ಅಂದಾಗ ಎದ್ದು, ಕಂಬಿ ಹಿಡಿದು ಮೆಟ್ಟಿಲಿಳಿದು, ಒಂದೊಂದೇ ದಬ್ಬೆಯನ್ನು ಕಾಲಲ್ಲಿ ಒತ್ತಿ ನೋಡುತ್ತ ಹೊರಟಳು. ಬಚ್ಚಲ ಹತ್ತಿರ ನಿಂತಳು.

‘ಇದೊಂದು ಅಲ್ಲಾಡ್ತದೆ ಕಣೋ. ತೆಗ್ದು, ಅಡಿಗೆ ಮಣ್ಣು ಹಾಕಿ ಕೂರ್ಸು.’

ಅವನು ಗುದ್ದಲಿ ತರಲು ಹೋದ. ನಾನು ದಬ್ಬೆ ಎತ್ತಿ ಹಿಡಿದುಕೊಂಡೆ.